ಪಾಯಸದ ದ್ರಾಕ್ಷಿ, ಬೀದಿಯ ಪಟಾಕಿ: ನಾಯಿ ಇರುವ ಮನೆಯ ಹಬ್ಬದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಗೆ ಲ್ಯಾಬ್ರಡಾರ್ ಬಂದ ಮೇಲೆ ಇದು ಮೊದಲ ಹಬ್ಬ. ನಮ್ಮತ್ತೆ ಅದಕ್ಕೂ ಒಂದು ಎಲೆ ಹಾಕಿ ಒಬ್ಬಟ್ಟು, ಪಾಯಸ, ಹುಳಿಯನ್ನ ಎಲ್ಲ ಬಡಿಸಬೇಕು ಅಂತಿದ್ದಾರೆ. "ಅದೂ ಮನೆ ಮಗು ತಾನೇ" ಅಂತಾರೆ. ಬೇಡ ಅನ್ನೋಕೆ ಮನಸ್ಸು ಬರ್ತಿಲ್ಲ. ಏನು ಕೊಡಬಹುದು?
– ಓದುಗರು, ಶಿವಮೊಗ್ಗ

ಉತ್ತರ: ಎಲೆ ಖಂಡಿತ ಹಾಕಲಿ. ಬಡಿಸುವುದನ್ನು ಮಾತ್ರ ಬದಲಿಸಿ.

ಮೊದಲು ಪಾಯಸದ ವಿಷಯ. ಪಾಯಸ, ಕೇಸರಿಬಾತ್, ಲಾಡು ಯಾವುದೇ ಇರಲಿ, ತುಪ್ಪದಲ್ಲಿ ಹುರಿದ ಗೋಡಂಬಿ ದ್ರಾಕ್ಷಿ ಬೀಳದೆ ನಮಗೆ ಸಿಹಿ ಅನ್ನಿಸುವುದೇ ಇಲ್ಲ, ಅಲ್ವಾ? ಆ ದ್ರಾಕ್ಷಿ ನಾಯಿಯ ಕಿಡ್ನಿಯನ್ನು ಕೆಡಿಸುತ್ತದೆ. ಹಸಿ ದ್ರಾಕ್ಷಿಯೂ ಅಷ್ಟೇ, ಒಣದ್ರಾಕ್ಷಿಯೂ ಅಷ್ಟೇ. ಒಂದು ನಾಯಿ ಹಿಡಿ ತುಂಬ ತಿಂದೂ ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ಕಾಳಿಗೇ ಮಲಗಿಬಿಡಬಹುದು. ಹಾಗಾಗಿ "ಇಷ್ಟು ಕೊಟ್ಟರೆ ಪರವಾಗಿಲ್ಲ" ಅನ್ನುವ ಅಳತೆಯೇ ಇದಕ್ಕಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಇದೇ ಆಮ್ಲ ಹುಣಸೆಹಣ್ಣಿನಲ್ಲಿ ಬೇಕಾದಷ್ಟಿದೆ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಗಳೂ ಬಂದಿವೆ. ಅಂದರೆ ಹುಳಿ, ಗೊಜ್ಜು, ಪುಳಿಯೋಗರೆ ಮೂರೂ ಬೇಡ. ದ್ರಾಕ್ಷಿಯ ವಿಷಯ ಈಗ ಸುಮಾರು ಜನಕ್ಕೆ ಗೊತ್ತಾಗಿದೆ, ಹುಣಸೆಯದ್ದು ಗೊತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ದಿನಾ ಹುಣಸೆ ಇರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಒಬ್ಬಟ್ಟು ವಿಷ ಅಲ್ಲ. ಚೂರು ಕೊಟ್ಟರೆ ಏನೂ ಆಗುವುದಿಲ್ಲ. ಆದರೆ ಅತ್ತೆ ಒಂದು, ಮಕ್ಕಳು ಒಂದು, ಬಂದ ನೆಂಟರು ಒಂದು ಅಂತ ಕೊಡುತ್ತಾ ಹೋದರೆ ಅಷ್ಟು ತುಪ್ಪ ಬೆಲ್ಲ ಒಟ್ಟಿಗೆ ಹೊಟ್ಟೆಗೆ ಬಿದ್ದು ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಆಗ ವಾಂತಿ, ಹೊಟ್ಟೆನೋವು. ನಾಯಿ ಮುಂಗಾಲು ಚಾಚಿ ಹಿಂಭಾಗ ಎತ್ತಿಕೊಂಡು ನಿಲ್ಲುತ್ತದೆ. ಆಟಕ್ಕೆ ಕರೆಯುತ್ತಿದೆ ಅಂತ ಮನೆಯವರು ನಗುತ್ತಾರೆ, ಅದು ನೋವಿಗೆ ಹಾಗೆ ನಿಂತಿರುತ್ತದೆ. ವಾಂತಿಯ ಜೊತೆ ಹೀಗೆ ನಿಂತರೆ ಕಾಯಬೇಡಿ.

ಇನ್ನು ಯುಗಾದಿ ಮಾರನೇ ದಿನ ಹೊಸತೊಡಕು ಮಾಡುವವರು ಬೆಂದ ಮೂಳೆ ಹಾಕಲೇಬೇಡಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ ಬೆಳ್ಳುಳ್ಳಿ ಮಸಾಲೆ ರಕ್ತಕ್ಕೆ ಒಳ್ಳೆಯದಲ್ಲ.

ಹಾಗಾದರೆ ಎಲೆಗೆ ಏನು? ತೊಗರಿಬೇಳೆ ಬೆಂದ ಮೇಲೆ ಉಪ್ಪು, ಹುಳಿ, ಒಗ್ಗರಣೆ ಬೀಳುವ ಮೊದಲೇ ಒಂದು ಬಟ್ಟಲು ಎತ್ತಿಡಿ. ಅನ್ನ, ಆ ಬೇಳೆ, ಬೇಯಿಸಿದ ಸಿಹಿಗುಂಬಳದ ಎರಡು ಹೋಳು, ಒಂದು ಚಮಚ ಗಟ್ಟಿ ಮೊಸರು. ಮಾಂಸ ತಿನ್ನುವ ಮನೆಯಾದರೆ ಉಪ್ಪು ಹಾಕದ ಬೆಂದ ಮೊಟ್ಟೆ. ಅತ್ತೆ ಕೈಯಾರೆ ಬಡಿಸಲಿ. ಆಮೇಲೆ ಬಾಳೆಲೆ ಎತ್ತಿಬಿಡಿ, ಲ್ಯಾಬ್ರಡಾರ್ ಎಲೆಯನ್ನೂ ಬಿಡುವುದಿಲ್ಲ!

ಅಕಸ್ಮಾತ್ ದ್ರಾಕ್ಷಿ ತಿಂದುಬಿಟ್ಟರೆ ವಾಂತಿ ಬರಲಿ ನೋಡೋಣ ಅಂತ ಕೂರಬೇಡಿ. ತಿಂದ ಒಂದೆರಡು ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ವಾಂತಿ ಮಾಡಿಸಿ ತೆಗೆಯಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಜೀವಕ್ಕೆ ಕುತ್ತಾಗಬಹುದು.

ಪ್ರಶ್ನೆ: ದೀಪಾವಳಿ ಬಂತೆಂದರೆ ನಮ್ಮ ಇಂಡಿ (ದೇಸಿ ತಳಿ) ನಾಯಿ ಮಂಚದ ಕೆಳಗೆ ಸೇರಿ ನಡುಗುತ್ತದೆ. ಸಮಾಧಾನ ಮಾಡಿದರೆ ಭಯ ಇನ್ನೂ ಜಾಸ್ತಿ ಆಗುತ್ತೆ, ಸುಮ್ನೆ ಬಿಟ್ಟುಬಿಡಿ ಅಂತಾರೆ. ನಿಜಾನಾ? ನಿದ್ದೆ ಮಾತ್ರೆ ಕೊಡಬಹುದಾ?
– ಓದುಗರು, ಬೆಂಗಳೂರು

ಉತ್ತರ: ನಿಜ ಅಲ್ಲ. ತಬ್ಬಿಕೊಳ್ಳಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಕೂರು ಅಂದರೆ ಕೂರುವುದು ಕಲಿತ ಪಾಠ, ಭಯ ಹಾಗಲ್ಲ. ನೀವು ಮುದ್ದು ಮಾಡಿದಿರಿ ಅಂತ ಅದು ಬೆಳೆಯುವುದಿಲ್ಲ. ಮಂಚದ ಕೆಳಗೆ ಹೋದರೆ ಹೋಗಲಿ, ಎಳೆದು ತರಬೇಡಿ, ಅಲ್ಲಿಗೇ ಒಂದು ಹಳೆ ಕಂಬಳಿ ಹಾಕಿ.

ಸದ್ದು ಎಷ್ಟು ಕೀಚಲು ಅನ್ನುವುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ಯಾವಾಗ, ಎಲ್ಲಿಂದ, ಯಾಕೆ ಢಂ ಅನ್ನುತ್ತೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಆದರೆ ಬೀದಿಯಲ್ಲಿ ಕತ್ತಲಾಗುವ ಮೊದಲೇ ಶುರುವಾಗುತ್ತದೆ. ಆದ್ದರಿಂದ ಸಂಜೆಯ ವಾಕಿಂಗನ್ನು ನಾಲ್ಕು ಗಂಟೆಗೇ ಮುಗಿಸಿ, ಊಟವನ್ನೂ ಬೇಗ ಹಾಕಿ. ಬೀದಿ ಕಡೆಗಿಲ್ಲದ ಒಳಗಿನ ಕೋಣೆ, ಮುಚ್ಚಿದ ಕಿಟಕಿ, ದಪ್ಪ ಪರದೆ, ಜೋರಾಗಿ ತಿರುಗುವ ಫ್ಯಾನು. ಆ ದಿನಗಳಲ್ಲಿ ಬೆಲ್ಟಿಗೆ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲೇಬೇಕು. ದೀಪ ಹಚ್ಚಿಡಲು ಬಾಗಿಲು ತೆಗೆದಾಗಲೇ ನಾಯಿಗಳು ಓಡಿಹೋಗುವುದು, ಗಾಬರಿಯಲ್ಲಿ ಅವಕ್ಕೆ ದಾರಿಯೂ ತಿಳಿಯುವುದಿಲ್ಲ.

ನಿಮ್ಮ ಮಾತ್ರೆ ಅದಕ್ಕೆ ಬೇಡವೇ ಬೇಡ. ಹಬ್ಬಕ್ಕೆ ಎರಡು ವಾರ ಮೊದಲೇ ಡಾಕ್ಟರನ್ನು ನೋಡಿ. ಭಯ ಕಡಿಮೆ ಮಾಡುವ ಔಷಧ ಇದೆ, ತೂಕ ನೋಡಿ ಕೊಡುತ್ತಾರೆ. ಪಟಾಕಿ ಇಲ್ಲದ ದಿನ ಒಮ್ಮೆ ಕೊಟ್ಟು ಹೇಗಿರುತ್ತದೆ ಅಂತ ನೋಡಿಕೊಳ್ಳಬೇಕು. ಹಿಂದೆ ಜಾಸ್ತಿ ಕೊಡುತ್ತಿದ್ದ ಏಸ್‌ಪ್ರೊಮಜಿನ್ ಅನ್ನುವ ಮಂಪರು ಔಷಧ ಒಂದೇ ಸಾಕಾಗುವುದಿಲ್ಲ. ಅದು ಮೈಯನ್ನು ಮಲಗಿಸುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ನಡುಗುವುದು ನಿಂತಿತು ಅಂತ ನಾವು ಸಮಾಧಾನ ಪಡುತ್ತೇವೆ, ನಾಯಿಗೆ ಮಾತ್ರ ಎದ್ದು ಹೋಗಿ ಬಚ್ಚಿಟ್ಟುಕೊಳ್ಳಲೂ ಆಗುವುದಿಲ್ಲ.

ಪ್ರಶ್ನೆ: ಮಗಳು ನಾಯಿಯ ಹುಟ್ಟುಹಬ್ಬಕ್ಕೆ ಕೇಕ್ ಕೇಳುತ್ತಿದ್ದಾಳೆ.
– ಓದುಗರು, ದಾವಣಗೆರೆ

ಉತ್ತರ: ಮನೆಯಲ್ಲೇ ಮಾಡಿ. ರಾಗಿಹಿಟ್ಟು, ಕಿವುಚಿದ ಬಾಳೆಹಣ್ಣು, ಒಂದು ಮೊಟ್ಟೆ ಕಲಸಿ ಇಡ್ಲಿ ತಟ್ಟೆಯಲ್ಲಿ ಬೇಯಿಸಿದರೆ ಆಯಿತು, ಮೇಲೆ ಮೊಸರು ಸವರಿ. ಚಾಕಲೇಟ್ ಬೇಡ, ಅದರಲ್ಲಿರುವ ಥಿಯೋಬ್ರೋಮಿನ್ ಹೃದಯದ ಬಡಿತ ಕೆಡಿಸುತ್ತದೆ. ಕಡಲೆಕಾಯಿ ಬೆಣ್ಣೆ ಹಾಕುವುದಾದರೆ ಡಬ್ಬಿಯ ಮೇಲೆ ಜೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದೆಯಾ ನೋಡಿ, ಇದ್ದರೆ ಬೇಡ. ಮೇಣದ ಬತ್ತಿಯನ್ನು ಮಗಳು ದೂರದಲ್ಲಿ ಆರಿಸಲಿ.

ಪ್ರಶ್ನೆ: ನಾಯಿಗೆ ಕುಂಕುಮ ಇಟ್ಟು, ಹಾರ ಹಾಕಿ ಆರತಿ ಮಾಡಬೇಕು ಅಂತ ನನಗೆ ಆಸೆ. ಮನೆಯ ಹಿರಿಯರು ಒಪ್ಪುತ್ತಿಲ್ಲ.
– ಓದುಗರು, ಹಾಸನ

ಉತ್ತರ: ಹಿರಿಯರಿಗೆ ಕಾಲಭೈರವನ ವಾಹನ ಯಾವುದು ಅಂತ ನೆನಪಿಸಿ. ಸ್ವರ್ಗದ ಬಾಗಿಲಿನವರೆಗೂ ಧರ್ಮರಾಯನ ಜೊತೆ ಹೋದದ್ದು ಯಾರು ಅಂತಲೂ ಕೇಳಿ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿ ಇದೆ. ನೇಪಾಳದಲ್ಲಂತೂ ನಾವು ನರಕ ಚತುರ್ದಶಿ ಮಾಡುವ ಹೊತ್ತಿಗೆ ಕುಕುರ್ ತಿಹಾರ್ ನಡೆಯುತ್ತದೆ. ಅವತ್ತು ಸಾಕಿದ ನಾಯಿ, ಬೀದಿ ನಾಯಿ, ಪೊಲೀಸ್ ನಾಯಿ ಎಲ್ಲಕ್ಕೂ ಹಾರ, ತಿಲಕ, ಊಟ. ನನಗೆ ತುಂಬಾ ಇಷ್ಟವಾದ ಹಬ್ಬ ಅದು.

ಮಾಡುವಾಗ ಸ್ವಲ್ಪ ಎಚ್ಚರ. ಹಣೆಗೆ ಒಂದೇ ಚುಕ್ಕೆ ಕುಂಕುಮ ಸಾಕು, ಕಣ್ಣಿಗೆ ಉದುರಬಾರದು. ಹಾರ ಚೆಂಡುಹೂವಿನದಿರಲಿ. ಸೇವಂತಿಗೆ ಕೆಲವು ನಾಯಿಗಳಿಗೆ ತುರಿಕೆ, ವಾಂತಿ ತರುತ್ತದೆ. ಕಣಗಿಲೆಯನ್ನಂತೂ ನಾಯಿ ಓಡಾಡುವ ಜಾಗಕ್ಕೇ ತರಬೇಡಿ. ಅದರ ಹೂವು, ಎಲೆ, ಕಾಂಡ ಎಲ್ಲವೂ ಹೃದಯಕ್ಕೆ ವಿಷ, ದೇವರ ಮೇಲಿಂದ ತೆಗೆದ ನಿರ್ಮಾಲ್ಯದಲ್ಲಿ ಇದ್ದರೂ ಅಷ್ಟೇ. ಆರತಿ ತಟ್ಟೆಯನ್ನು ಮೂತಿಯ ಹತ್ತಿರ ತರದೆ ದೂರದಿಂದ ಬೆಳಗಿ. ಗಂಟೆ ಬಾರಿಸಬೇಡಿ. ನಾಯಿ ತುಟಿ ನೆಕ್ಕುತ್ತಾ ಮುಖ ಆಚೆ ತಿರುಗಿಸಿದರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ. ಹಾರ ತೆಗೆದು ಊಟ ಹಾಕಿ. ಉಳಿದದ್ದನ್ನು ಬೀದಿ ನಾಯಿಗಳಿಗೆ ಹಾಕುವುದಾದರೆ ಎಲ್ಲಕ್ಕೂ ಒಂದೇ ಕಡೆ ಸುರಿಯಬೇಡಿ, ಕಚ್ಚಾಡುತ್ತವೆ. ದೂರ ದೂರ ಇಟ್ಟು ಪಕ್ಕದಲ್ಲೊಂದು ಬೋಗುಣಿ ನೀರಿಡಿ.