ಪುನರುತ್ಥಾನ ಇದೆ ಅಂತ ಅಳಬಾರದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಮೇಲಿವೆ. ಸತ್ತವರು ಏಳುತ್ತಾರೆ ಎನ್ನುವ ಕ್ರೈಸ್ತರ ನಂಬಿಕೆ, ಅಂದರೆ ಪುನರುತ್ಥಾನ. ಯೇಸು ಸಾವಿನಿಂದ ಎದ್ದದ್ದನ್ನು ನೆನೆಯುವ ಈಸ್ಟರ್ ಹಬ್ಬ ಈಗ ತಾನೇ ಮುಗಿದಿದೆ, ಅದಕ್ಕೇ ಇರಬಹುದು. ಹೊಸ ಓದುಗರಿಗೆ ಒಂದು ಮಾತು: ನಾನು ಪಾದ್ರಿಯಲ್ಲ. ಬೆಳಗಾವಿಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಈಗ ಕ್ಯಾಂಪ್ ಕಡೆ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತೇನೆ. ವಾರ್ಡಿನಲ್ಲಿ ಸಾವನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನು ಬದಿಗಿಟ್ಟು ಈ ವಿಷಯ ಮಾತಾಡಲು ನನಗೆ ಬರುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಮಗ್ಗ ನೇಯುತ್ತಿದ್ದರು. ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡರು. ಮಣ್ಣಿನ ದಿನ ಚರ್ಚಿನ ಸಭೆಯವರು, "ಅಳಬೇಡಮ್ಮ, ಪುನರುತ್ಥಾನ ಇದೆಯಲ್ಲ" ಎಂದರು. ನನಗೆ ಇನ್ನೂ ಅಳು ನಿಂತಿಲ್ಲ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ನನ್ನ ನಂಬಿಕೆ ಕಡಿಮೆಯೇ?
ಒಬ್ಬ ತಾಯಿ, ಗುಳೇದಗುಡ್ಡ

ಇಲ್ಲ ತಾಯಿ. ನಿಮ್ಮ ನಂಬಿಕೆ ಕಡಿಮೆಯಲ್ಲ. ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಿವೆ, ಅವುಗಳಲ್ಲಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆಯಿರಿ. ಬೇಥಾನ್ಯದ ಲಾಜರ ಸತ್ತು ನಾಲ್ಕು ದಿನ ಆಗಿದೆ. ಯೇಸುಸ್ವಾಮಿ ಬರುವುದು ತಿಳಿದು ಸಹೋದರಿ ಮಾರ್ಥ ಎದುರು ಹೋಗುತ್ತಾಳೆ. ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಅದು ದುಃಖದ ಮಾತಷ್ಟೇ ಅಲ್ಲ, ದೂರು ಕೂಡ. ಸ್ವಾಮಿ ಅವಳನ್ನು ಗದರಲಿಲ್ಲ. ಕಡೇ ದಿನದಲ್ಲಿ ಅವನು ಏಳುತ್ತಾನೆಂದು ನನಗೆ ಗೊತ್ತು ಎಂದೂ ಅವಳೇ ಹೇಳುತ್ತಾಳೆ. ಅಂದರೆ ನಿಮಗೆ ಸಭೆಯವರು ಹೇಳಿದ ಮಾತು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸಂಕಟ ಹೋಗಿರಲಿಲ್ಲ.

ಆಮೇಲೆ ಇನ್ನೊಬ್ಬ ಸಹೋದರಿ ಮರಿಯ ಬರುತ್ತಾಳೆ, ಅಳುತ್ತಾಳೆ. ಆಗ ಯೇಸುಸ್ವಾಮಿಯೂ ಅತ್ತರು. ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಸಮಾಧಿಯಿಂದ ಕರೆಯುವವರು ಅವರೇ. ಹೇಗೂ ಎಬ್ಬಿಸುತ್ತೇನಲ್ಲ, ಕಣ್ಣೀರು ಯಾಕೆ ಎಂದು ಅವರು ಅಂದುಕೊಳ್ಳಲಿಲ್ಲ. ಪುನರುತ್ಥಾನದ ಒಡೆಯನೇ ಸಮಾಧಿಯ ಮುಂದೆ ಅತ್ತ ಮೇಲೆ ಗುಳೇದಗುಡ್ಡದಲ್ಲಿ ಒಬ್ಬ ಹೆಂಡತಿ ಅಳಬಾರದು ಎನ್ನುವ ಅಧಿಕಾರ ಯಾರಿಗಿದೆ?

ಊರೂರಿನ ಸಭೆಗಳಿಗೆ ಪತ್ರ ಬರೆಯುತ್ತಿದ್ದ ಬೋಧಕ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಮಾತೊಂದನ್ನು ನಮ್ಮವರು ಅರ್ಧ ಮಾತ್ರ ಹೇಳುತ್ತಾರೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದು ಅವನು ಬರೆದ. ದುಃಖವೇ ಬೇಡ ಎಂದು ಬರೆಯಲಿಲ್ಲ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ಮಾತು ನಾನು ನರ್ಸ್ ಆಗಿ ಹೇಳುತ್ತೇನೆ. ತೀರಿಕೊಂಡವರ ಮೈ ಒರೆಸುವಾಗ ಅವರು ಏನು ಕೆಲಸ ಮಾಡುತ್ತಿದ್ದರು ಅಂತ ಮೈಯೇ ಹೇಳುತ್ತದೆ. ಗೌಂಡಿಯ ಹೆಗಲು, ಕಬ್ಬು ಕಡಿದವನ ಅಂಗೈ, ಒಲೆ ಮುಂದೆ ಕೂತವಳ ಮುಂಗೈ ಸುಟ್ಟ ಗುರುತು. ನಿಮ್ಮ ಯಜಮಾನರ ಬೆರಳಲ್ಲೂ ನೂಲಿನ ಗುರುತು ಇದ್ದಿರಬೇಕು. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ದೇವರು ಹೊಸ ಮೈ ಕೊಟ್ಟಾಗಲೂ ಹಳೆಯ ಮೈ ಪಟ್ಟ ಪಾಡನ್ನು ಅಳಿಸಿಹಾಕಲಿಲ್ಲ. ನಿಮ್ಮವರು ಖಣ ನೇಯ್ದ ಅಷ್ಟು ವರ್ಷಗಳನ್ನೂ ದೇವರು ಮರೆಯುವುದಿಲ್ಲ ಎಂದು ನಾನು ಇದರಿಂದಲೇ ನಂಬುತ್ತೇನೆ.

ನಿದ್ದೆ, ಊಟದ ವಿಷಯ ಮಾತ್ರ ಬಿಡಬೇಡಿ. ಇಷ್ಟು ದಿನ ಹೀಗೆ ನಡೆದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫೋನ್ ಮಾಡಿದರೆ ನಂಬಿಕೆ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಸತ್ತ ದೇಹ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇದು ನೂರಾರು ವರ್ಷಗಳ ನಂತರ ಸೇರಿಸಿದ ಕಥೆ ಇರಬಹುದಲ್ಲವೇ?
ವಿದ್ಯಾರ್ಥಿ, ವಿಜಯಪುರ

ಸತ್ತವರು ಏಳುವುದಿಲ್ಲ ಎಂದು ಆ ಕಾಲದವರಿಗೂ ಗೊತ್ತಿತ್ತು. ನಮಗಿಂತ ಚೆನ್ನಾಗಿಯೇ ಗೊತ್ತಿತ್ತು, ಏಕೆಂದರೆ ಹೆಣವನ್ನು ಮನೆಯಲ್ಲೇ ತೊಳೆದು ಸುತ್ತುತ್ತಿದ್ದರು. ಯೆಹೂದ್ಯರಲ್ಲೇ ಸದ್ದುಕಾಯರೆಂಬ ಪಂಗಡದವರು ಪುನರುತ್ಥಾನ ಇಲ್ಲವೇ ಇಲ್ಲ ಎನ್ನುತ್ತಿದ್ದರು. ಪೌಲ ಅಥೆನ್ಸ್‌ನಲ್ಲಿ ಈ ವಿಷಯ ಎತ್ತಿದಾಗ ಕೆಲವರು ನಕ್ಕುಬಿಟ್ಟರು. ಹಾಗಾಗಿ ಹಳೇ ಕಾಲದ ಮುಗ್ಧರು ಏನು ಹೇಳಿದರೂ ನಂಬುತ್ತಿದ್ದರು ಎನ್ನುವುದು ಸರಿಯಲ್ಲ.

ನೂರಾರು ವರ್ಷಗಳ ನಂತರ ಎನ್ನುವುದೂ ನಿಲ್ಲುವುದಿಲ್ಲ. ಯೇಸುವನ್ನು ಶಿಲುಬೆಗೆ ಹಾಕಿದ್ದು ಸುಮಾರು ಕ್ರಿ.ಶ. 30ರಲ್ಲಿ. ಪೌಲ ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಸುಮಾರು 55ರ ಹೊತ್ತಿಗೆ. ಅದರ 15ನೇ ಅಧ್ಯಾಯದಲ್ಲಿ ಎದ್ದ ಯೇಸು ಯಾರಿಗೆಲ್ಲ ಕಾಣಿಸಿಕೊಂಡ ಎಂಬ ಪಟ್ಟಿ ಇದೆ. ಪೇತ್ರ, ಹನ್ನೆರಡು ಮಂದಿ, ಒಂದೇ ಸಲ 500ಕ್ಕಿಂತ ಹೆಚ್ಚು ಜನ, ಯಾಕೋಬ, ಕಡೆಗೆ ತಾನು. ಆ 500 ಮಂದಿಯಲ್ಲಿ ಬಹಳಷ್ಟು ಜನ ಇನ್ನೂ ಬದುಕಿದ್ದಾರೆ ಎಂದೂ ಬರೆಯುತ್ತಾನೆ. ಹೋಗಿ ಕೇಳಬಹುದಿತ್ತು. ಅದೂ ಅಲ್ಲದೆ, ನಾನು ಕೇಳಿ ತಿಳಿದದ್ದನ್ನೇ ನಿಮಗೆ ಒಪ್ಪಿಸಿದೆ ಎನ್ನುತ್ತಾನೆ. ಅಂದರೆ ಆ ಸುದ್ದಿ ಪತ್ರಕ್ಕಿಂತ ಹಳೆಯದು.

ಆ ಪಟ್ಟಿಯಲ್ಲಿ ಹೆಂಗಸರ ಹೆಸರೇ ಇಲ್ಲ. ಅದು ನನಗೆ ಇವತ್ತಿಗೂ ನೋವು. ಆದರೆ ನಾಲ್ಕೂ ಸುವಾರ್ತೆಗಳಲ್ಲಿ ಸಮಾಧಿಯ ಹತ್ತಿರ ಮೊದಲು ಹೋದವರು ಹೆಂಗಸರೇ. ಮಗ್ದಲದ ಮರಿಯಳ ಹೆಸರು ನಾಲ್ಕರಲ್ಲೂ ಇದೆ. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದ ಕಾಲ ಅದು. ಶಿಷ್ಯರೂ ಮೊದಲು ಅವರ ಮಾತನ್ನು ಹುಚ್ಚು ಮಾತು ಎಂದುಕೊಂಡರು ಎಂದು ಲೂಕನೇ ಹೇಳುತ್ತಾನೆ. ಸುಳ್ಳು ಕಟ್ಟುವವರು ಯಾರೂ ನಂಬದ ಸಾಕ್ಷಿಗಳನ್ನು ಮುಂದೆ ನಿಲ್ಲಿಸುತ್ತಾರೆಯೇ? ನೀನೇ ಯೋಚಿಸು.

ಇಷ್ಟು ಹೇಳಿದರೂ ಇದು ಲ್ಯಾಬಿನ ಪ್ರಯೋಗದ ಹಾಗೆ ಮತ್ತೆ ಮಾಡಿ ತೋರಿಸುವಂಥದ್ದಲ್ಲ. ಮತ್ತಾಯನ ಕಡೇ ಅಧ್ಯಾಯದಲ್ಲಿ, ಎದ್ದ ಯೇಸುವನ್ನು ಗಲಿಲಾಯದ ಬೆಟ್ಟದ ಮೇಲೆ ಕಣ್ಣಾರೆ ಕಂಡವರಲ್ಲೂ ಕೆಲವರು ಸಂದೇಹಪಟ್ಟರು ಎಂದಿದೆ. ಯೇಸು ಅವರನ್ನು ಹೊರಗೆ ಕಳಿಸಲಿಲ್ಲ. ಕೆಲಸ ಕೊಟ್ಟು ಕಳಿಸಿದರು. ಸಂದೇಹ ಇಟ್ಟುಕೊಂಡೇ ಚರ್ಚಿಗೆ ಬಾ, ಪರವಾಗಿಲ್ಲ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಹಳೇ ಊರು ಮುಳುಗಿತು. ಅಜ್ಜನ ಸಮಾಧಿಯೂ ನೀರಿನ ಕೆಳಗೆ ಹೋಯಿತು. ಈಸ್ಟರ್ ಬೆಳಿಗ್ಗೆ ಎಲ್ಲರೂ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ ನಮ್ಮ ತಂದೆ ಸುಮ್ಮನೆ ನಿಂತಿರುತ್ತಾರೆ. ಸಮಾಧಿಯೇ ಇಲ್ಲದವರು ಎಲ್ಲಿಂದ ಏಳುತ್ತಾರೆ?
ಬಾಗಲಕೋಟೆ ನವನಗರದ ಓದುಗರು

ಈ ಪತ್ರ ಓದಿ ನಾನು ಬಹಳ ಹೊತ್ತು ಕೂತಿದ್ದೆ. ಮನೆ, ಹೊಲಕ್ಕೆ ಪರಿಹಾರ ಬರುತ್ತದೆ. ಅಜ್ಜನ ಸಮಾಧಿಗೆ ಯಾವ ಲೆಕ್ಕದಲ್ಲಿ ಪರಿಹಾರ ಕೊಡುತ್ತಾರೆ?

ನಿಮ್ಮ ತಂದೆಯವರಿಗೆ ಲಿಯೋನ್ ಪಟ್ಟಣದ ಕಥೆ ಹೇಳಿ. ಅದು ಈಗ ಫ್ರಾನ್ಸ್‌ನಲ್ಲಿದೆ. ಕ್ರಿ.ಶ. 177ರಲ್ಲಿ ಅಲ್ಲಿ ಅನೇಕ ಕ್ರೈಸ್ತರನ್ನು ಕೊಂದರು. ಕೊಂದವರಿಗೆ ಅಷ್ಟು ಸಾಲಲಿಲ್ಲ. ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಈಗ ನೋಡೋಣ ಇವರು ಹೇಗೆ ಏಳುತ್ತಾರೆ ಎಂಬುದು ಅವರ ಮಾತು. ಉಳಿದ ಕ್ರೈಸ್ತರು ಆ ಸಂಗತಿಯನ್ನು ಪತ್ರ ಬರೆದು ದೂರದ ಸಭೆಗಳಿಗೆ ಕಳಿಸಿದರು. ಮಣ್ಣು ಕೊಡಲು ಆಗಲಿಲ್ಲ ಎಂಬ ಸಂಕಟ ಆ ಪತ್ರದಲ್ಲಿದೆ. ಅದಕ್ಕಾಗಿ ನಂಬಿಕೆ ಬಿಟ್ಟರು ಎಂಬುದಿಲ್ಲ.

ದೇವರು ಎಲುಬು ಹುಡುಕಿ ಜೋಡಿಸುವುದಲ್ಲ ಪುನರುತ್ಥಾನ. ಯಾವ ಮೈಯಲ್ಲಿ ಏಳುತ್ತಾರೆ ಎಂದು ಕೊರಿಂಥದವರೂ ಕೇಳಿದ್ದರು. ಪೌಲ ಅವರಿಗೆ ಕಾಳಿನ ಮಾತು ಹೇಳಿದ. ಬಿತ್ತುವುದು ಬರೀ ಕಾಳು, ಮೇಲೆ ಬರುವುದು ಬೇರೆಯೇ ರೂಪ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಂಟು ಎದ್ದ ಮೇಲೆ ಬಿತ್ತಿದ ಕಾಳನ್ನು ಯಾರೂ ಕೆದಕಿ ನೋಡುವುದಿಲ್ಲ, ಆದರೆ ಅದೇ ಜೋಳ. ಬೈಬಲಿನ ಕಡೇ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ ಸಮುದ್ರವೂ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸುತ್ತದೆ ಎಂದಿದೆ. ಸಮುದ್ರ ಒಪ್ಪಿಸುವಾಗ ಆಲಮಟ್ಟಿ ಒಪ್ಪಿಸದೇ ಇರುತ್ತದಾ?

ಮುಂದಿನ ಈಸ್ಟರ್‌ಗೆ ನಿಮ್ಮ ತಂದೆಯವರನ್ನು ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿ. ಸಭಾಪಾಲಕರನ್ನೂ ಕರೆಯಿರಿ, ಅಲ್ಲೇ ಪ್ರಾರ್ಥನೆ ಮಾಡಿಸಿ. ಊರು ಮುಳುಗಿದ ಬೇರೆ ಮನೆಯವರೂ ಬರಬಹುದು.

ಪ್ರಶ್ನೆ: ನಾನು ಸತ್ತ ಮೇಲೆ ದೇಹದಾನ ಮಾಡಬೇಕೆಂದಿದ್ದೇನೆ. ಮಕ್ಕಳು, "ಹಾಗಾದರೆ ಪುನರುತ್ಥಾನ ಹೇಗೆ" ಎಂದು ತಡೆಯುತ್ತಿದ್ದಾರೆ.
ನಿವೃತ್ತ ಶಿಕ್ಷಕರು, ಜಮಖಂಡಿ

ಮೇಲಿನ ಉತ್ತರವನ್ನೇ ಅವರಿಗೆ ಓದಿ ಹೇಳಿ ಸರ್. ಹೆಣ ಸುಡುವುದನ್ನು ಬಹಳ ಕಾಲ ತಡೆದಿದ್ದ ಕಥೋಲಿಕ ಸಭೆ ಕೂಡ 1963ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಿಮ್ಮ ದೇಹದ ಮೇಲೆ ಒಬ್ಬ ಹುಡುಗಿ ಅಂಗರಚನೆ ಕಲಿತು ಮುಂದೆ ನೂರಾರು ಜನರನ್ನು ಉಳಿಸಿದರೆ ದೇವರಿಗೆ ಬೇಸರ ಯಾಕೆ? ಆದರೆ ಮಕ್ಕಳ ಮನಸ್ಸು ಒಲಿಸಿಯೇ ಬರೆದಿಡಿ. ಆ ಹೊತ್ತಿನಲ್ಲಿ ಮೆಡಿಕಲ್ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ. ಕಣ್ಣು ಕೊಡುವುದಾದರೆ ಆರು ಗಂಟೆಯೊಳಗೆ ತೆಗೆಯಬೇಕು, ಅದನ್ನೂ ಹೇಳಿಡಿ.

ಪ್ರಶ್ನೆ: ನಾನು ಲಿಂಗಾಯತ. ಪಕ್ಕದ ಮನೆಯವರು ಕ್ರೈಸ್ತರು. ನೀವು ಹೇಳುವ ಪುನರುತ್ಥಾನವೂ ಮರುಜನ್ಮವೂ ಒಂದೇನಾ?
ಓದುಗರು, ಶಹಾಪುರ, ಬೆಳಗಾವಿ

ಒಂದಲ್ಲ. ಮರುಜನ್ಮ ಎಂದರೆ ಜೀವ ಮತ್ತೊಂದು ಮೈಗೆ ಹೋಗಿ ಮತ್ತೆ ಹುಟ್ಟಿ ಮತ್ತೆ ಸಾಯುವುದು. ನಮ್ಮ ನಂಬಿಕೆಯಲ್ಲಿ ಅದೇ ವ್ಯಕ್ತಿ, ಒಂದೇ ಬದುಕು, ಎದ್ದ ಮೇಲೆ ಮತ್ತೆ ಸಾವಿಲ್ಲ. ಲಾಜರ ಎದ್ದದ್ದು ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ, ಅವನು ಈ ಲೋಕದ ಬದುಕಿಗೇ ಮರಳಿದವನು. ನಿಮ್ಮಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುವುದನ್ನು ನೋಡಿದ್ದೇನೆ. ಆ ಮೈಗೆ ಎಷ್ಟು ಮರ್ಯಾದೆ ಕೊಡುತ್ತೀರಿ! ಮೈಯೂ ಪವಿತ್ರ ಎನ್ನುವ ಆ ಭಾವ ನಮಗೂ ಬಹಳ ಹತ್ತಿರ. ಉಳಿದದ್ದನ್ನು ಪಕ್ಕದ ಮನೆಯವರ ಹತ್ತಿರ ಚಹಾ ಕುಡಿಯುತ್ತಾ ಕೇಳಿ, ಖುಷಿಯಿಂದ ಹೇಳುತ್ತಾರೆ.

ಪ್ರಶ್ನೆ: ಈಸ್ಟರ್ ದಿನ ಚರ್ಚಿನಲ್ಲಿ ಖುಷಿಯೋ ಖುಷಿ. ಸೋಮವಾರ ಮತ್ತೆ ಅದೇ ಬಿಸಿಲು, ಅದೇ ಮನೆ ಮನೆ ತಿರುಗಾಟ. ಈ ನಂಬಿಕೆಯಿಂದ ಸೋಮವಾರಕ್ಕೆ ಏನು ಉಪಯೋಗ?
ಆಶಾ ಕಾರ್ಯಕರ್ತೆ, ಗೋಕಾಕ

ಅಕ್ಕಾ, ನನಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಕೊರಿಂಥದವರಿಗೆ ಬರೆದ ಆ 15ನೇ ಅಧ್ಯಾಯದಲ್ಲಿ 58 ವಚನಗಳಿವೆ. ಪೂರ್ತಿ ಪುನರುತ್ಥಾನವೇ. ಸಾವೇ, ನಿನ್ನ ಜಯ ಎಲ್ಲಿ ಎಂದು ಕೇಳುವಷ್ಟು ಎತ್ತರಕ್ಕೆ ಹೋಗುತ್ತದೆ. ಕಡೇ ವಚನದಲ್ಲಿ ಪೌಲ ಏನು ಹೇಳಬಹುದು? ಪರಲೋಕದ ವರ್ಣನೆಯನ್ನಲ್ಲ. ಆದ್ದರಿಂದ ಗಟ್ಟಿಯಾಗಿ ನಿಲ್ಲಿ, ಕರ್ತನಲ್ಲಿ ನೀವು ಪಡುವ ಶ್ರಮ ವ್ಯರ್ಥವಾಗುವುದಿಲ್ಲ ಎನ್ನುತ್ತಾನೆ. ಶ್ರಮ! ಅದರ ಮುಂದಿನ ಸಾಲೇ ಯೆರೂಸಲೇಮಿನ ಬಡವರಿಗಾಗಿ ಎತ್ತುವ ಹಣದ ವಿಷಯ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಗಳಿಕೆಗೆ ತಕ್ಕಂತೆ ಸ್ವಲ್ಪ ಎತ್ತಿಡಿ ಎನ್ನುತ್ತಾನೆ. ಪತ್ರ ಬರೆದಾಗ ಅಧ್ಯಾಯಗಳ ಗೆರೆ ಇರಲಿಲ್ಲ, ಅದು ಬಂದದ್ದು 13ನೇ ಶತಮಾನದಲ್ಲಿ. ಕೊರಿಂಥದವರು ಸಾವಿನ ಸೋಲನ್ನೂ ಬಡವರ ಚಂದಾವನ್ನೂ ಒಂದೇ ಉಸಿರಿನಲ್ಲಿ ಕೇಳಿದರು. ನಮ್ಮ ಈಸ್ಟರ್ ಪ್ರವಚನಗಳು ಮಾತ್ರ ಮೊದಲಿನದ್ದಕ್ಕೇ ನಿಂತುಬಿಡುತ್ತವೆ. ಇದು ನನಗೆ ಸರಿ ಕಾಣುವುದಿಲ್ಲ.

ಆ ಮೊದಲ ಈಸ್ಟರ್ ಬೆಳಿಗ್ಗೆ ಹೆಂಗಸರು ಹೋದದ್ದು ಪವಾಡ ನೋಡಲಲ್ಲ. ಹೆಣಕ್ಕೆ ಸುಗಂಧದ್ರವ್ಯ ಹಚ್ಚುವ ಕೆಲಸ ಬಾಕಿ ಇತ್ತು, ಅದಕ್ಕೆ ಹೋದರು. ಯೋಹಾನನ 21ನೇ ಅಧ್ಯಾಯದಲ್ಲಿ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ದಣಿದಿದ್ದಾರೆ. ಎದ್ದ ಯೇಸು ದಂಡೆಯಲ್ಲಿ ಕೆಂಡ ಮಾಡಿ ಮೀನು, ರೊಟ್ಟಿ ಸಿದ್ಧಮಾಡಿ ನಾಷ್ಟಾಕ್ಕೆ ಕರೆಯುತ್ತಾರೆ. ಸಾವನ್ನು ಗೆದ್ದವರು ಮಾಡಿದ ಕೆಲಸ ನೋಡಿ!

ನೀವು ಬಸುರಿಗೆ ಕಬ್ಬಿಣದ ಮಾತ್ರೆ ಕೊಡುತ್ತೀರಿ. ಟಿಬಿ ಆದವರು ಆರು ತಿಂಗಳು ಮಾತ್ರೆ ಬಿಡದ ಹಾಗೆ ಬಾಗಿಲು ತಟ್ಟುತ್ತೀರಿ. ದೇವರು ಎಬ್ಬಿಸುವುದು ಇದೇ ಮೈಗಳನ್ನು. ಅವುಗಳನ್ನು ನೋಡಿಕೊಳ್ಳುವ ಕೆಲಸ ನಿಮ್ಮದು. ಚರ್ಚಿನಲ್ಲಿ ಹಾಡಿದ್ದು ಭಾನುವಾರದ ಖುಷಿ, ನಿಮ್ಮ ತಿರುಗಾಟ ಬೇರೆ ಎಂದು ಭಾಗ ಮಾಡಬೇಡಿ.

ಒಂದು ಕೆಲಸ ಮಾಡಿ. ಈ ಸಲದ ಕಾಣಿಕೆಯಲ್ಲಿ ಒಂದು ಪಾಲನ್ನು ಟಿಬಿ ರೋಗಿಗಳ ಆಹಾರದ ಕಿಟ್‌ಗೆ ಎತ್ತಿಡೋಣ ಎಂದು ನಾನು ನಮ್ಮ ಮಹಿಳಾ ಸಭೆಯಲ್ಲಿ ಕೇಳಿದ್ದೇನೆ. ಸರ್ಕಾರದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಯಾವ ಸಂಘವಾದರೂ ಹೀಗೆ ಕೊಡಬಹುದು. ನಿಮ್ಮ ಊರಿನ ಚರ್ಚಿನಲ್ಲೂ ನೀವೇ ಎದ್ದು ಕೇಳಿ. ರೋಗಿಗಳ ಹೆಸರು ಹೇಳಬೇಡಿ, ಎಷ್ಟು ಮಂದಿಗೆ ಬೇಕು ಎಂದಷ್ಟೇ ಹೇಳಿ. ಉಳಿದದ್ದನ್ನು ಆರೋಗ್ಯ ಕೇಂದ್ರದವರು ನೋಡಿಕೊಳ್ಳುತ್ತಾರೆ.