ಸಂಪಾದಕರ ಉತ್ತರ: ಸಿಂಹದ ಬಿಲ್ಲೆ ಮತ್ತು ಫೋಟೊದ ಬೆನ್ನು

ಪತ್ರ: "ನನ್ನ ತಾಯಿಯ ತಂದೆ 1942ರಲ್ಲಿ ಬಳ್ಳಾರಿಯಲ್ಲಿ ಮದ್ರಾಸ್ ಸ್ಯಾಪರ್ಸ್ (ಸೇತುವೆ, ರಸ್ತೆ ಕಟ್ಟುವ ಸೇನಾ ಎಂಜಿನಿಯರ್) ಪಡೆಗೆ ಸೇರಿ, ಬರ್ಮಾ ಯುದ್ಧ ಮುಗಿಸಿ 1946ರಲ್ಲಿ ಊರಿಗೆ ಬಂದವರು. 1984ರಲ್ಲಿ ತೀರಿಕೊಂಡರು. ಪಿಂಚಣಿಯಾಗಲಿ ಸನ್ಮಾನವಾಗಲಿ ಅವರಿಗೆ ಸಿಗಲಿಲ್ಲ. ಟ್ರಂಕಿನಲ್ಲಿ ಸಿಂಹದ ಚಿತ್ರವಿರುವ ಒಂದು ಬಿಲ್ಲೆ, ಗೆದ್ದಲು ತಿಂದ ಡಿಸ್ಚಾರ್ಜ್ ಪುಸ್ತಕ, ಒಂದು ಫೋಟೊ ಉಳಿದಿವೆ. ಅವರಿಗೆ ವೀರ ಚಕ್ರ ಕೊಡಬೇಕೆಂದು ದೆಹಲಿಗೂ ಬೆಂಗಳೂರಿಗೂ ಬರೆದೆ. 'ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ' ಎಂದಷ್ಟೇ ಉತ್ತರ ಬಂತು. ಈಗ ಒಬ್ಬರು ಎಂಟು ಸಾವಿರ ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?"
ಓದುಗರೊಬ್ಬರು, ಸಿರುಗುಪ್ಪ ತಾಲ್ಲೂಕು

ಎಂಟು ಸಾವಿರದ ಮಾತನ್ನು ಮೊದಲು ಮುಗಿಸಿಬಿಡೋಣ. ಕೊಡಬೇಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಅಂಚೆಗೆ ಒಂದಿಷ್ಟು, ಜೆರಾಕ್ಸಿಗೆ ಒಂದಿಷ್ಟು. ಇದಕ್ಕಿಂತ ಹೆಚ್ಚು ಕೇಳುವವನು ನಿಮ್ಮ ಅಜ್ಜನ ಹೆಸರಿನಲ್ಲಿ ತನ್ನ ಹೊಟ್ಟೆ ಹೊರೆಯುತ್ತಿದ್ದಾನೆ. ಅವನು ತಂದುಕೊಡುವುದಾಗಿ ಹೇಳುವ ವೀರ ಚಕ್ರವಂತೂ ನಿಮ್ಮ ಅಜ್ಜನಿಗೆ ಯಾರೂ ಕೊಡಲಾಗದ ವಸ್ತು. ಅಜ್ಜನಿಗೆ ಯೋಗ್ಯತೆ ಇರಲಿಲ್ಲವೆಂದಲ್ಲ. ಪರಮ ವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಮೂರನ್ನೂ 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಮಾಡಿದರು. ಅಜ್ಜ 1946ರಲ್ಲೇ ಸಮವಸ್ತ್ರ ಕಳಚಿದ್ದರು.

ಅವರ ಕಾಲದಲ್ಲಿ ಶೌರ್ಯಕ್ಕೆ ಇದ್ದ ಪದಕಗಳೇ ಬೇರೆ: ಇಂಡಿಯನ್ ಆರ್ಡರ್ ಆಫ್ ಮೆರಿಟ್, ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್, ಮಿಲಿಟರಿ ಮೆಡಲ್. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರಲ್ಲಿ ಇಟಲಿಯಲ್ಲಿ ಜೊತೆಯವರನ್ನು ಉಳಿಸಲು ನೆಲಬಾಂಬಿನ ಮೇಲೆ ತಾವೇ ಬಿದ್ದು ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು. ಇಂಥ ಪದಕ ಪಡೆದವರ ಹೆಸರು ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಅದರ ಹಳೆಯ ಸಂಚಿಕೆಗಳನ್ನು ಈಗ ಮೊಬೈಲಿನಲ್ಲೇ, ದುಡ್ಡು ಕೊಡದೆ ಹುಡುಕಬಹುದು. ಒಮ್ಮೆ ಹುಡುಕಿ. ಸಿಗದಿದ್ದರೆ ಶೌರ್ಯ ಪದಕದ ವಿಷಯವನ್ನು ಅಲ್ಲಿಗೇ ಬಿಡಿ. ಅದು ಮೇಲಧಿಕಾರಿ ಆಗಲೇ ಬರೆದ ಶಿಫಾರಸಿನಿಂದ ಬರುವಂಥದು, ಮೊಮ್ಮಗಳು ಈಗ ಬರೆಯುವ ಅರ್ಜಿಯಿಂದಲ್ಲ.

ಹಾಗಾದರೆ ಅಜ್ಜನಿಗೆ ಬರಬೇಕಾದದ್ದು ಏನೂ ಇಲ್ಲವೇ? ಇದೆ. ಅದನ್ನು ನೀವು ಕೇಳಿಯೇ ಇಲ್ಲ. ದೆಹಲಿಗೆ ಬರೆದ ಪತ್ರದ ಪ್ರತಿಯನ್ನು ನನಗೆ ಕಳುಹಿಸಿದ್ದೀರಿ. ನಾಲ್ಕು ಪುಟ ತುಂಬಾ ತ್ಯಾಗ, ಬಲಿದಾನ, ಮಣ್ಣಿನ ಮಗ, ವೀರಪುತ್ರ. ಅವರ ಸೇನಾ ನಂಬರು ಎಲ್ಲೂ ಇಲ್ಲ, ದರ್ಜೆ ಇಲ್ಲ, ಕಂಪನಿ ಇಲ್ಲ. ಅದನ್ನು ಓದಿದ ಗುಮಾಸ್ತನಿಗೆ ಕಣ್ಣು ತುಂಬಿ ಬಂದರೂ ಯಾವ ಕಪಾಟು ತೆರೆಯಬೇಕೆಂದು ಗೊತ್ತಾಗುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ದೊಡ್ಡಪ್ಪ 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದ ತೋಪಖಾನೆಯ ಡ್ರೈವರ್. ಅವರು ಹೋದ ಮೇಲೆ ನಾನು ಪತ್ರಕರ್ತನ ಗತ್ತಿನಲ್ಲಿ ಮೂರು ಪತ್ರ ಬರೆದೆ. ಉತ್ತರವಿಲ್ಲ. ನಾಲ್ಕನೆಯದನ್ನು ದೊಡ್ಡಪ್ಪನ ಗೆಳೆಯರಾದ ಒಬ್ಬ ನಿವೃತ್ತ ಹವಾಲ್ದಾರರು ಬರೆಸಿದರು. ಆರು ಸಾಲು: ನಂಬರು, ದರ್ಜೆ, ಹೆಸರು, ರೆಜಿಮೆಂಟು, ಸೇರಿದ ವರ್ಷ, ಬಿಟ್ಟ ವರ್ಷ, ಕೆಳಗೆ, 'ಇವರ ಹೆಸರಿನಲ್ಲಿ ದಾಖಲಾದ ಪದಕಗಳು ಯಾವುವು, ಯಾವುದನ್ನು ಕೊಡಲಾಗಿದೆ, ಯಾವುದು ಬಾಕಿ ಇದೆ, ತಿಳಿಸಿ.' ಉತ್ತರ ಬಂತು. ಮುಂದೆ ಒಂದು ಪಾರ್ಸೆಲ್ಲೂ ಬಂತು: ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ನಮ್ಮ ದೇಶದ ಪದಕಗಳ ಅಂಚಿನ ಮೇಲೆ ಸೈನಿಕನ ನಂಬರು, ದರ್ಜೆ, ಹೆಸರನ್ನು ಕೆತ್ತಿರುತ್ತಾರೆ. ದೊಡ್ಡಮ್ಮನಿಗೆ ಓದು ಬಾರದು. 'ಎಲ್ಲಿ ಅವರ ಹೆಸರು?' ಎಂದು ಕೇಳಿದರು. ತೋರಿಸಿದೆ. ಹೆಬ್ಬೆರಳನ್ನು ಆ ಅಂಚಿನ ಮೇಲಿಟ್ಟು ಪದಕವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು, ಮತ್ತೊಂದು ಸುತ್ತು ತಿರುಗಿಸಿದರು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ನಾನು ಹೇಳಲಿಲ್ಲ.

ಈಗ ನಿಮ್ಮ ಟ್ರಂಕಿಗೆ ಬರೋಣ. ಸಿಂಹದ ಬಿಲ್ಲೆ ಎಂದಿರಿ. ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ, ಹಿಂದೆ ಆರನೇ ಜಾರ್ಜ್ ದೊರೆಯ ಕಿರೀಟ ತೊಟ್ಟ ತಲೆ ಇದ್ದರೆ ಅದು 1939–45ರ ವಾರ್ ಮೆಡಲ್. ಯುದ್ಧಕಾಲದಲ್ಲಿ 28 ದಿನ ಪೂರ್ಣಾವಧಿ ಸೇವೆ ಮಾಡಿದ ಯಾರಿಗಾದರೂ ಅದು ಸಲ್ಲುತ್ತಿತ್ತು. ಅಂದರೆ ಅಜ್ಜನಿಗೆ ಏನೂ ಬಂದಿಲ್ಲ ಎಂಬ ನಿಮ್ಮ ಮಾತು ಅಷ್ಟಕ್ಕೆ ತಪ್ಪು.

ನೀವು ಕಳುಹಿಸಿದ ಫೋಟೊ ನೋಡಿ ನಾನು ಅರ್ಧ ದಿನ ಬೇರೆ ಕೆಲಸ ಮಾಡಲಿಲ್ಲ. ಎಡ ಜೇಬಿನ ಮೇಲೆ ಪದಕವಿಲ್ಲ, ಎರಡು ರಿಬ್ಬನ್ ತುಂಡು ಹೊಲಿದ ಪಟ್ಟಿ ಇದೆ. ಆಗ ಸೈನಿಕನ ಕೈಗೆ ಮೊದಲು ಸಿಕ್ಕಿದ್ದು ರಿಬ್ಬನ್ನೇ. ಲೋಹದ ಪದಕ ತಯಾರಾಗಿ ಹಂಚಿಕೆಯಾಗುವಷ್ಟರಲ್ಲಿ ಎಷ್ಟೋ ಜನ ಊರು ಸೇರಿ ನೇಗಿಲು ಹಿಡಿದಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಮೊದಲ ತುಂಡಿನಲ್ಲಿ ಮೂರು ಸಮನಾದ ಪಟ್ಟೆ. 1939–45 ಸ್ಟಾರ್ ಎಂಬ ನಕ್ಷತ್ರಾಕಾರದ ಪದಕದ ರಿಬ್ಬನ್ ಹಾಗೆಯೇ: ಕಡುನೀಲಿ, ಕೆಂಪು, ತಿಳಿನೀಲಿ. ಎರಡನೆಯದರಲ್ಲಿ ನಡುವೆ ಅಗಲವಾದ ಪಟ್ಟೆ, ಅದರ ಎರಡೂ ಕಡೆ ಕಪ್ಪಿನ ನಡುವೆ ಬಿಳುಪಾದ ಗೆರೆ. ಬರ್ಮಾ ಸ್ಟಾರ್‌ನ ರಿಬ್ಬನ್ನಿನಲ್ಲಿ ನಡುವೆ ಕೆಂಪು, ಆಚೀಚೆ ಕಡುನೀಲಿ, ಆ ನೀಲಿಯೊಳಗೆ ಕಿತ್ತಳೆ ಗೆರೆ. ಕಪ್ಪು ಬಿಳುಪು ಫೋಟೊದಲ್ಲಿ ಬಣ್ಣಕ್ಕೆ ಆಣೆ ಇಡಲಾಗದು, ಆದರೆ ಪಟ್ಟೆಗಳ ಅಗಲ ಸುಳ್ಳು ಹೇಳುವುದಿಲ್ಲ. ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ ಆ ರಂಗದಲ್ಲಿ ದುಡಿದವರದು. ಅಜ್ಜನ ವರ್ಷಗಳು ಹೊಂದುತ್ತವೆ.

ಫೋಟೊದ ಬೆನ್ನು ತಿರುಗಿಸಿ ನೋಡಿದ್ದೀರಾ? ರಾಂಚಿಯ ಸ್ಟುಡಿಯೊ ಒಂದರ ಮೊಹರು ಇದೆ. ಬರ್ಮಾ ರಂಗದ ಹಿಂದೆ ರಾಂಚಿ ತರಬೇತಿ ಮತ್ತು ಆಸ್ಪತ್ರೆಗಳ ನೆಲೆಯಾಗಿತ್ತು. ಅಷ್ಟರಿಂದಲೇ ಸ್ಟಾರ್ ಬರುವುದಿಲ್ಲ, ಬಿಡಿ. ಮೊಹರಿನ ಕೆಳಗೆ ಸೀಸದ ಕಡ್ಡಿಯಲ್ಲಿ ಒಂದು ಸಾಲು ಅಂಕಿಗಳಿವೆ. ಅದು ಸ್ಟುಡಿಯೊದ ರಸೀದಿ ನಂಬರಲ್ಲ, ಅಷ್ಟು ಉದ್ದ ಇರುವುದಿಲ್ಲ. ಅಂಕಿಗಳ ಮುಂದೆ ಸ್ಯಾಪರ್ ಎಂಬುದರ ಇಂಗ್ಲಿಷ್ ಮೊಟಕು ರೂಪ ಬೇರೆ ಇದೆ. ಅಜ್ಜನ ಸೇನಾ ನಂಬರೇ ಇರಬೇಕು. ಬೆಣ್ಣೆ ಕೈಯಲ್ಲಿ ಹಿಡಿದು ತುಪ್ಪಕ್ಕೆ ಅಲೆದಂತಾಗಿದೆ ನಿಮ್ಮ ಕಥೆ. ಮೂರನೆಯ ಅಂಕಿ ಮಾತ್ರ ಒಂದೋ ಏಳೋ ತಿಳಿಯದು. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ.

ಅರ್ಜಿ ಹೋಗಬೇಕಾದ ಜಾಗ ಬೆಂಗಳೂರು. ಮದ್ರಾಸ್ ಸ್ಯಾಪರ್ಸ್ ಅಂದರೆ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಹಲಸೂರು ಕೆರೆಯ ಬಳಿ ಇರುವ ಎಂಇಜಿ. ಅಲ್ಲಿಯ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಆ ಕಾಲದ ಭಾರತೀಯ ಸಿಪಾಯಿಗಳ ದಾಖಲೆ ಲಂಡನ್ನಿಗೆ ಹೋಗಲಿಲ್ಲ, ಆಯಾ ರೆಜಿಮೆಂಟಿನ ಕೇಂದ್ರದಲ್ಲೇ ಉಳಿಯಿತು. ಸೈನಿಕನ ಸೇವೆಯ ಪೂರ್ತಿ ಚರಿತ್ರೆಗೆ ಅವರು ಶೀಟ್ ರೋಲ್ ಅನ್ನುತ್ತಾರೆ. ಭರ್ತಿಯಾದವರನ್ನೆಲ್ಲ ಸಾಲಾಗಿ ಬರೆದ ಪುಸ್ತಕಕ್ಕೆ ಲಾಂಗ್ ರೋಲ್. ಪಿಂಚಣಿ ಇಲ್ಲದವರ ಶೀಟ್ ರೋಲ್ ಇಷ್ಟು ವರ್ಷ ಉಳಿದಿರದೆ ಇರಬಹುದು. ಆದ್ದರಿಂದ ಎರಡರ ಹೆಸರನ್ನೂ ಬರೆದು ಕೇಳಿ. ಇಲ್ಲದಿದ್ದರೆ ಮೊದಲನೆಯದು ಸಿಗಲಿಲ್ಲವೆಂದು ಕಡತ ಮುಚ್ಚಿಬಿಡುತ್ತಾರೆ.

ವಿಳಾಸದಲ್ಲಿ ಒಂದು ಸೂಕ್ಷ್ಮವಿದೆ. ಸಿರುಗುಪ್ಪ ತಾಲ್ಲೂಕು, ಬಳ್ಳಾರಿ ಜಿಲ್ಲೆ, ಕರ್ನಾಟಕ ಎಂದು ಬರೆದಿದ್ದೀರಿ. 1942ರ ಗುಮಾಸ್ತ ಹಾಗೆ ಬರೆದಿರಲು ಸಾಧ್ಯವಿಲ್ಲ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಈ ಜಿಲ್ಲೆಯೊಳಗೇ ಇದ್ದವು. 1953ರ ಅಕ್ಟೋಬರ್ 1ರಂದು ಆ ಮೂರು ಆಂಧ್ರಕ್ಕೆ ಹೋಗಿ, ಉಳಿದದ್ದು ಮೈಸೂರಿಗೆ ಬಂತು. ಹಳೆಯ ವಿಳಾಸ ಮೇಲೆ, ಹೊಸದು ಕೆಳಗೆ ಬರೆಯಿರಿ. (ರಾಯಚೂರು, ಕೊಪ್ಪಳದ ಓದುಗರಿಗೂ ಇದೇ ಮಾತು. ನಿಮ್ಮ ಹಿರಿಯರ ಕಾಗದದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಎಂದಿರುತ್ತದೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯೇ ಆಗಿತ್ತು.) ಹೆಸರಿನದೂ ಅದೇ ಕಥೆ. ಅಪ್ಪ, ಅಣ್ಣ, ಗೌಡ ಎಂದು ಮುಗಿಯುವ ನಮ್ಮ ಹೆಸರುಗಳನ್ನು ಮದ್ರಾಸಿನ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿಗಿಳಿಸಿದ್ದಾನೆ. ಮೂರು ನಾಲ್ಕು ಕಾಗುಣಿತ ಊಹಿಸಿ ಕೊಡಿ, ತಂದೆಯ ಹೆಸರು ಸೇರಿಸಿ.

ಅರ್ಜಿ ನಿಮ್ಮ ತಾಯಿಯ ಹೆಸರಿನಲ್ಲಿರಲಿ. ಮಗಳು ಬದುಕಿರುವಾಗ ಮೊಮ್ಮಗಳ ಸಹಿ ಏಕೆ ಎಂದು ಅವರು ಕೇಳಿದರೆ ತಪ್ಪಿಲ್ಲ. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ತಾಯಿಯ ಆಧಾರ್, ಫೋಟೊದ ಎರಡೂ ಬದಿಯ ಪ್ರತಿ, ಡಿಸ್ಚಾರ್ಜ್ ಪುಸ್ತಕದಲ್ಲಿ ಉಳಿದಷ್ಟರ ಪ್ರತಿ ಸಾಕು. ಒಂದು ಪ್ರತಿಯನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೂ ಕಳುಹಿಸಿ. ತಿಂಗಳೆರಡು ತಿಂಗಳು ಕಾದು, ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಮೂವತ್ತು ದಿನದಲ್ಲಿ ಉತ್ತರಿಸಬೇಕೆಂದು 2005ರ ಕಾಯ್ದೆ ಹೇಳುತ್ತದೆ.

ಪ್ರಶ್ನೆಯ ಮಾತುಗಳನ್ನು ತೂಗಿ ಬರೆಯಿರಿ. 'ಪದಕ ಕೊಟ್ಟಿಲ್ಲ' ಎಂದು ಆರೋಪಿಸಬೇಡಿ. ಒಂದು ಬಿಲ್ಲೆ ಮನೆಯಲ್ಲಿದೆ ಎಂದ ಮೇಲೆ ಉಳಿದೆರಡು ನಕ್ಷತ್ರಗಳೂ ಅದರ ಜೊತೆಗೇ ಬಂದು, ಮಕ್ಕಳ ಆಟದಲ್ಲೋ ಪಾತ್ರೆ ಸಾಮಾನಿನವನ ತಕ್ಕಡಿಯಲ್ಲೋ ಹೋಗಿರಬಹುದು. ಆರು ಮೂಲೆಯ ಹಿತ್ತಾಳೆ ಬಣ್ಣದ ನಕ್ಷತ್ರ ಯಾವ ಮಗುವಿಗೆ ಬೇಡ? ತಾಯಿಯನ್ನು ಕೂರಿಸಿಕೊಂಡು ಕೇಳಿ. 'ಕೊಡದೆ ಉಳಿದದ್ದು' ಮತ್ತು 'ಕೊಟ್ಟು ಕಳೆದದ್ದು' ಕಚೇರಿಯ ಲೆಕ್ಕದಲ್ಲಿ ಎರಡು ಬೇರೆ ಕಡತ. ಇಂಡಿಯಾ ಸರ್ವಿಸ್ ಮೆಡಲ್ ಕೇಳಬೇಡಿ, ಅದಕ್ಕೆ ಯುದ್ಧರಂಗದ ಹೊರಗೆ ಮೂರು ವರ್ಷದ ಸೇವೆ ಬೇಕು. 1947ರ ಸ್ವಾತಂತ್ರ್ಯ ಪದಕವನ್ನೂ ಕೇಳಬೇಡಿ, ಅಷ್ಟರಲ್ಲಿ ಅಜ್ಜ ಊರಿನಲ್ಲಿದ್ದರು.

ಲೋಹದ ನಕ್ಷತ್ರ ಕೈಗೆ ಬಂದೀತೆಂದು ನಾನು ಮಾತು ಕೊಡಲಾರೆ. ಅವು ಬ್ರಿಟಿಷ್ ಅರಸನ ಹೆಸರಿನವು, ಸ್ವತಂತ್ರ ಭಾರತದ ಪದಕಗಳಲ್ಲ. ಆದರೆ 'ಈ ನಂಬರಿನ ಸ್ಯಾಪರ್ ಇಷ್ಟು ವರ್ಷ ಇಂಥ ಕಂಪನಿಯಲ್ಲಿದ್ದರು, ಈ ಪದಕಗಳಿಗೆ ಅರ್ಹರು' ಎಂದು ಸೇನೆಯ ಮೊಹರಿನೊಂದಿಗೆ ಒಂದು ಹಾಳೆ ಬಂದರೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಅದನ್ನು ಇಟ್ಟುಕೊಂಡು ಪ್ರತಿಕೃತಿ ಮಾಡಿಸಿದರೂ ಯಾರೂ ನಗುವುದಿಲ್ಲ. ಹಾಳೆ ಇಲ್ಲದೆ ಮಾಡಿಸಿದರೆ ಅದು ನಾಟಕದ ಸಾಮಾನು.

ಇನ್ನೊಂದು ಮಾತು. ಅಜ್ಜ ಹೇಳುತ್ತಿದ್ದರೆಂದು ಬರೆದಿದ್ದೀರಿ: 'ನಮ್ಮ ಹೊಳೆಗಿಂತ ದೊಡ್ಡ ಹೊಳೆಗೆ ತೇಲುವ ಕಬ್ಬಿಣದ ಸೇತುವೆ ಹಾಕಿದೆವು.' ತುಂಗಭದ್ರೆಯ ದಂಡೆಯವರು ಹಾಗನ್ನುವುದು ಸಣ್ಣ ಮಾತಲ್ಲ. 1944ರ ಡಿಸೆಂಬರ್‌ನಲ್ಲಿ ಕಲೇವಾದ ಬಳಿ ಚಿಂದ್ವಿನ್ ನದಿಗೆ ಭಾರತೀಯ ಎಂಜಿನಿಯರ್ ಕಂಪನಿಗಳು ಹಾಕಿದ ತೇಲುವ ಬೇಯ್ಲಿ ಸೇತುವೆ (ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವಂಥದು) 1,154 ಅಡಿ ಉದ್ದವಿತ್ತು. ಆಗ ಜಗತ್ತಿನಲ್ಲಿ ಅಷ್ಟುದ್ದದ ಬೇಯ್ಲಿ ಸೇತುವೆ ಇನ್ನೊಂದಿರಲಿಲ್ಲ. ಅಜ್ಜ ಹೇಳಿದ್ದು ಅದನ್ನೇ ಎಂದು ಈಗಲೇ ಊರಿಗೆಲ್ಲ ಹೇಳಬೇಡಿ. ಬರ್ಮಾದಲ್ಲಿ ಹೊಳೆಗಳಿಗೂ ಸೇತುವೆಗಳಿಗೂ ಬರವಿರಲಿಲ್ಲ. ಮೊದಲು ಕಂಪನಿಯ ನಂಬರು ಸಿಗಲಿ, ಆಮೇಲೆ ಹೊಳೆ ತಾನೇ ಸಿಗುತ್ತದೆ. ಮರಳಿ ಬಂದು ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಹೋದರು ಎಂದಿರುವುದನ್ನೂ ಅರ್ಜಿಯಲ್ಲಿ ಬರೆಯಬೇಡಿ, ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಊರಿನಲ್ಲಿ ಅಜ್ಜನಿಗೆ ಗೌರವ ಸಲ್ಲಿಸುವ ಬಗ್ಗೆಯೂ ಕೇಳಿದ್ದೀರಿ. ನಮ್ಮ ಸೀಮೆಯ ಹೊಲದ ಬದುಗಳಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗ, ಸೂರ್ಯ ಚಂದ್ರ. ಬರಹವಿದ್ದರೆ ಅದರಲ್ಲಿ ಯಾರ ಮಗ, ಯಾವ ಊರು, ಯಾವ ತುರುಗಳಿಗಾಗಿ ಎಂಬ ವಿವರ. ಆದರೆ ಅವು ಸತ್ತವರ ಕಲ್ಲು. ಬದುಕಿ ಬಂದು ನಲವತ್ತು ವರ್ಷ ಎತ್ತು ಹೊಡೆದವರಿಗೆ ಕಲ್ಲು ನಿಲ್ಲಿಸುವ ರೂಢಿ ನಮ್ಮಲ್ಲಿಲ್ಲ. ಗ್ರಾಮ ಸಭೆಯಲ್ಲಿ ಇದನ್ನು ಎತ್ತಿ. ಶಾಲೆಯ ಗೋಡೆಗೆ ಒಂದು ಫಲಕವಾದರೂ ಆದೀತು. ಊರಿನಿಂದ ಹೋದವರು ಅಜ್ಜ ಒಬ್ಬರೇ ಅಲ್ಲದಿದ್ದರೆ ಉಳಿದವರ ಹೆಸರೂ ಬರಲಿ. ಮರಳದವರೇನಾದರೂ ಇದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಿ. ಯಾಂಗೋನ್ ಬಳಿಯ ಟೌಕ್ಯಾನ್‌ನಲ್ಲಿ ಸಮಾಧಿಯೂ ಸಿಗದ ಸುಮಾರು 27,000 ಜನರ ಹೆಸರು ಕಲ್ಲಿನಲ್ಲಿದೆ.

ನಿಮ್ಮ ಫೋಟೊವನ್ನು ಎರಡು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಹಿಂದಕ್ಕೆ ಕಳುಹಿಸಿದ್ದೇನೆ. ಬೆನ್ನಿನ ಅಂಕಿಗಳ ಮೇಲೆ ಪೆನ್ನು ತಿದ್ದಬೇಡಿ, ಟೇಪು ಅಂಟಿಸಬೇಡಿ. ಮತ್ತೆ ಚೌಕಟ್ಟಿಗೆ ಹಾಕುವ ಮೊದಲು ಆ ಬದಿಯನ್ನು ಹಗಲು ಬೆಳಕಿನಲ್ಲಿ, ಓರೆಯಾಗಿ ಹಿಡಿದು ಇನ್ನೊಮ್ಮೆ ಮೊಬೈಲಿನಲ್ಲಿ ತೆಗೆಯಿರಿ. ನನ್ನ ಕಣ್ಣಿಗೆ ಅದು ಏಳು. ನಿಮ್ಮ ತಾಯಿಯ ಕಣ್ಣಿಗೆ ಏನು ಕಾಣುತ್ತದೆ, ಬರೆಯಿರಿ.