ತಿಂಗಳು ತುಂಬದ ಮಗುವಿಗೆ ಒಂದೇ ರಿಪೋರ್ಟ್ ಸಾಲದು

ಪ್ರಶ್ನೆ: ನಮ್ಮ ಮಗು 30 ವಾರಕ್ಕೇ ಹುಟ್ಟಿತು, ತೂಕ 1.3 ಕೆ.ಜಿ. ಹುಟ್ಟಿನಿಂದ ಬರುವ ಕಾಯಿಲೆ ಇದೆಯಾ ನೋಡಲು ಮೂರನೇ ದಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. 17-ಓಎಚ್‌ಪಿ ಜಾಸ್ತಿ, ಥೈರಾಯ್ಡ್ ನಾರ್ಮಲ್ ಅಂದರು. ಹತ್ತು ದಿನ ಬಿಟ್ಟು ನೋಡಿದರೆ 17-ಓಎಚ್‌ಪಿ ಇಳಿದಿದೆ. ಈಗ ಥೈರಾಯ್ಡ್ ಮತ್ತೆ ಮಾಡಿಸಿ ಅಂತಾರೆ. ಲ್ಯಾಬ್‌ನವರ ತಪ್ಪಾ, ದುಡ್ಡಿನ ಆಸೆಯಾ? (ಗೋಣಿಕೊಪ್ಪದ ಒಬ್ಬ ತಂದೆ)

ಉತ್ತರ: ಎರಡೂ ಅಲ್ಲ. ನೀವು ವಾರ, ತೂಕ ಎರಡನ್ನೂ ಬರೆದಿದ್ದೀರಿ, ಅದಕ್ಕೇ ನಿಮ್ಮ ಪತ್ರ ಆರಿಸಿಕೊಂಡೆ. ಉಳಿದವರು ರಿಪೋರ್ಟಿನ ಫೋಟೊ ಮಾತ್ರ ಕಳಿಸುತ್ತಾರೆ. ಅದನ್ನು ನೋಡಿ ನಾನು ಏನೂ ಹೇಳಲ್ಲ.

ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಮಾಡುವಾಗ ನಡುವೆ ಸಿಗುವ ಅರ್ಧ ಬೆಂದ ಸರಕು ಈ 17-ಓಎಚ್‌ಪಿ. ಅದನ್ನು ಪೂರ್ತಿ ಮಾಡಬೇಕಾದ ಕಿಣ್ವಗಳು 30 ವಾರದ ಮಗುವಿನಲ್ಲಿ ಇನ್ನೂ ಬಲಿತಿರಲ್ಲ. ಸರಕು ರಾಶಿ ಬೀಳುತ್ತದೆ. ಉಸಿರಾಟದ ತೊಂದರೆ, ಸೋಂಕು ಇದ್ದರೆ ಇನ್ನೂ ಏರುತ್ತದೆ. ಹಾಗಂತ ಹತ್ತು ದಿನ ಸುಮ್ನೆ ಕಾದದ್ದು ನನಗೆ ಹಿಡಿಸಲಿಲ್ಲ. 17-ಓಎಚ್‌ಪಿ ಏರಿದ್ದು ನಿಜವಾದ ಅಡ್ರಿನಲ್ ಕಾಯಿಲೆಯಿಂದಲೇ ಆಗಿದ್ದರೆ ಎರಡನೇ ವಾರದ ಹೊತ್ತಿಗೆ ಮೈಯ ಉಪ್ಪೆಲ್ಲ ಮೂತ್ರದಲ್ಲಿ ಹೋಗಿ ಮಗು ಕುಸಿಯಬಹುದಿತ್ತು. ವಾಂತಿ, ಮಂಕು, ತೂಕ ಇಳಿಯುವುದು ಕಂಡರೆ ಎರಡನೇ ರಿಪೋರ್ಟಿಗೆ ಕಾಯಬೇಡಿ. ಅವತ್ತೇ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ.

ನನಗೆ ಜಾಸ್ತಿ ಹೆದರಿಕೆ ಆ ‘ನಾರ್ಮಲ್’ ಥೈರಾಯ್ಡಿನದು. ಥೈರಾಯ್ಡ್ ಸೋಮಾರಿಯಾದರೆ ಮೆದುಳು ಟಿಎಸ್‌ಎಚ್ ಅನ್ನುವ ಹಾರ್ಮೋನ್ ಸುರಿಸಿ ಅದನ್ನು ಗದರುತ್ತದೆ. ಆ ಗದರಿಕೆಯನ್ನೇ ನಾವು ರಕ್ತದಲ್ಲಿ ಹುಡುಕುವುದು. ಬೇಗ ಹುಟ್ಟಿದ ಮಗುವಿಗೆ ಗದರುವುದೇ ಇನ್ನೂ ಬರಲ್ಲ. ಹಾಗಾಗಿ ಕಾಯಿಲೆ ಇದ್ದರೂ ಮೂರನೇ ದಿನದ ಟಿಎಸ್‌ಎಚ್ ನಾರ್ಮಲ್ ಬರಬಹುದು, ಏರುವುದು ಎಷ್ಟೋ ವಾರ ತಡವಾಗಿ. ಎರಡರಿಂದ ನಾಲ್ಕು ವಾರದೊಳಗೆ ಮತ್ತೆ ನೋಡಬೇಕು ಅನ್ನುವುದು ಇದಕ್ಕೇ. ಇಷ್ಟು ಪುಟ್ಟ ಮಕ್ಕಳಿಗೆ ನಾನು ಎರಡನೇ ವಾರದಲ್ಲಿ ಒಂದು ಸಲ, ನಾಲ್ಕನೇ ವಾರದಲ್ಲಿ ಇನ್ನೊಂದು ಸಲ ಮಾಡಿಸುತ್ತೇನೆ. ಅತಿಯಾಯ್ತು ಅನ್ನುವವರಿದ್ದಾರೆ, ಅನ್ನಲಿ. ಚಿಕಿತ್ಸೆ ತಡವಾದರೆ ಪೆಟ್ಟು ಬೀಳುವುದು ಮಗುವಿನ ಬುದ್ಧಿ ಬೆಳವಣಿಗೆಗೆ.

ಮಗುವಿಗೆ ರಕ್ತ ಹಾಕಿದ್ದಾರಾ ಅಂತ ನೀವು ಬರೆದಿಲ್ಲ. ಹಾಕಿದ್ದರೆ ಜಿ6ಪಿಡಿ (ಕೆಂಪು ಕಣದ ಒಂದು ಕಿಣ್ವ), ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆ ಅರಗದ ಕಾಯಿಲೆ), ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ) ಪರೀಕ್ಷೆಯಲ್ಲಿ ಕಾಣುವುದು ರಕ್ತ ಕೊಟ್ಟವರ ಕಣಗಳೂ ಸೇರಿದ ಲೆಕ್ಕ. ರಕ್ತ ಹಾಕುವ ಮೊದಲೇ, ಲ್ಯಾಬಿಗೆ ಕಳಿಸುವ ಕಾಗದದ ಕಾರ್ಡಿಗೆ ಮಗುವಿನ ರಕ್ತದ ಹನಿ ತೆಗೆದಿಡಬೇಕು. ಡ್ರಿಪ್‌ನಲ್ಲಿ ಅಮೈನೋ ಆಮ್ಲ ಹೋಗುತ್ತಿದ್ದರೆ ರಿಪೋರ್ಟಿನಲ್ಲಿ ಅಮೈನೋ ಆಮ್ಲದ ಅಂಕಿಗಳೂ ಏರಿರುತ್ತವೆ.

ಇನ್ನು ನಮ್ಮ ಮಳೆ. ಕಾರ್ಡನ್ನು ಮಲಗಿಸಿ, ಬಿಸಿಲು ತಾಗದ ಕಡೆ ಮೂರು ನಾಲ್ಕು ಗಂಟೆ ಒಣಗಿಸಬೇಕು. ಜುಲೈ ತಿಂಗಳ ಮಡಿಕೇರಿಯಲ್ಲಿ ಬಟ್ಟೆಯೇ ಒಣಗಲ್ಲ, ಅಲ್ವಾ? ಒಂದು ಸಲ ನನಗೆ ಬಂದ ಕವರಿನಲ್ಲಿ ಹಸಿ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರ ರಕ್ತ ಇನ್ನೊಂದರ ಬೆನ್ನಿಗೆ. ಪೂರ್ತಿ ಒಣಗಿದ ಮೇಲೆ, ತೇವ ಹೀರುವ ಪೊಟ್ಟಣ ಹಾಕಿಯೇ ಕವರ್ ಮುಚ್ಚಬೇಕು.

ಪ್ರಶ್ನೆ: ಏಳು ತಿಂಗಳ ಮಗು ಉಳಿಯುತ್ತೆ, ಎಂಟರದ್ದು ಉಳಿಯಲ್ಲ ಅಂತಾರೆ, ನಿಜಾನಾ?

ಉತ್ತರ: ಸುಳ್ಳು. ಒಳಗೆ ಕಳೆದ ಒಂದೊಂದು ವಾರವೂ ಲಾಭ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ಬಿಟ್ಟು ನಾಟಿ ಔಷಧಿ ಕೊಡಬಹುದಾ? ಮೂರೇ ತಿಂಗಳಲ್ಲಿ ವಾಸಿ ಅಂತ ಒಬ್ಬರು ಹೇಳಿದ್ದಾರೆ.

ಉತ್ತರ: ಅವರ ಜವಾಬ್ದಾರಿ ಮೂರೇ ತಿಂಗಳದ್ದು. ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ತೋಟದ್ದೇ ಶುದ್ಧ ಜೇನು. ಮೊಮ್ಮಗಳ ನಾಲಿಗೆಗೆ ಒಂದು ಹನಿ? (ನಾಪೋಕ್ಲು ಕಡೆಯ ಅಜ್ಜಿ)

ಉತ್ತರ: ಬೇಡ ಅಜ್ಜಿ. ಶುದ್ಧ ಜೇನಿನಲ್ಲೂ ಬಾಟುಲಿಸಂ ರೋಗಾಣು ಇರಬಹುದು. ಒಂದು ವರ್ಷ ತುಂಬಲಿ. ಅಲ್ಲಿವರೆಗೆ ನೀವೇ ತಿನ್ನಿ.